ಕೇಳಿದಷ್ಟೂ ಸವಿಯಾಗುವ ಸಂಗೀತ

1808ರ ಡಿಸೆಂಬರ್ 22ರಂದು ವಿಯೆನ್ನಾ ನಗರದ ರಂಗಮಂದಿರವೊಂದರಲ್ಲಿ ಬೀಥೋವನನ ಐದನೆಯ ಸಿಂಫನಿಯನ್ನು ಮೊದಲ ಬಾರಿಗೆ ನುಡಿಸಲಾಯಿತು. ಮಂದಿರದೊಳಗೆ ಕೊರೆಯುವ ಚಳಿ. ಕಾರ್ಯಕ್ರಮವೋ ಸುಮಾರು ನಾಲ್ಕು ಗಂಟೆಗಳಷ್ಟು ದೀರ್ಘ. ವಾದಕರಿಗೆ ಸಾಕಷ್ಟು ಅಭ್ಯಾಸವೂ ಆಗಿರಲಿಲ್ಲ. ಅಂದು ವಿಶೇಷ ಮನ್ನಣೆ ಪಡೆಯದ ಆ ಕೃತಿ ಇಂದು ವಾದ್ಯವೃಂದ ಸಂಗೀತದಲ್ಲೆಲ್ಲ ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು. ಕಾಲ ಕಳೆದಂತೆ ಜನಪ್ರಿಯತೆ ಕುಗ್ಗದೆ ಹೆಚ್ಚಲು ಕಾರಣವೇನು?

ಮೊದಲನೆಯ ಕಾರಣ ಪರಿಚಯ. ವಸ್ತುವೊಂದು ಪದೇಪದೇ ಎದುರಾದ ಮಾತ್ರದಿಂದಲೇ ಅದರ ಮೇಲೆ ಒಲವು ಬೆಳೆಯಬಲ್ಲದೆಂದು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಝಾಯನ್ಸ್ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದನು. ಆದರೆ ಪರಿಚಯವೊಂದೇ ಸಾಲದು. ತೀರ ಸರಳವಾದ ಧಾಟಿಯನ್ನು ಹತ್ತು ಸಲ ಕೇಳಿದರೆ ಬೇಸರ ಬರುತ್ತದೆ. ನಾವೀನ್ಯವೂ ಜಟಿಲತೆಯೂ ಮಧ್ಯಮ ಪ್ರಮಾಣದಲ್ಲಿದ್ದಾಗ ಮನಸ್ಸಿಗೆ ಹೆಚ್ಚು ಹಿತವೆಂದು ಡೇನಿಯಲ್ ಬರ್ಲೈನ್ 1971ರಲ್ಲಿ ಪ್ರತಿಪಾದಿಸಿದನು. ಜಟಿಲವಾದ ಕೃತಿ ಮೊದಲು ಕಠಿಣವೆನಿಸಿದರೂ ಪ್ರತಿಸಲ ಕೇಳಿದಾಗ ಅದರ ಅಪರಿಚಿತತೆ ಸ್ವಲ್ಪ ಸ್ವಲ್ಪವೇ ಕರಗಿ, ಅದು ಈ ಹಿತವಾದ ಮಟ್ಟಕ್ಕೆ ಬರುತ್ತದೆ.

ಐದನೆಯ ಸಿಂಫನಿಯಲ್ಲಿ ಸರಳತೆ, ಜಟಿಲತೆಗಳೆರಡೂ ಕೂಡಿವೆ. ಅದರ ಆರಂಭ ಕೇವಲ ನಾಲ್ಕು ಸ್ವರಗಳದು. ಛಂದಸ್ಸಿನ ಭಾಷೆಯಲ್ಲಿ ಹೇಳುವುದಾದರೆ ಮೂರು ಲಘು, ಒಂದು ಗುರು. ಒಮ್ಮೆ ಕೇಳಿದರೆ ಮಕ್ಕಳಿಗೂ ನೆನಪಿನಲ್ಲುಳಿಯುವಂಥದು. ಈ ಪುಟ್ಟ ಬೀಜವೇ ತಂತಿವಾದ್ಯಗಳಿಂದ ಸುಷಿರವಾದ್ಯಗಳಿಗೆ ದಾಟುತ್ತ, ಏರುತ್ತ ಇಳಿಯುತ್ತ ಮೊದಲ ಭಾಗವನ್ನೆಲ್ಲ ತುಂಬುತ್ತದೆ; ಮೂರನೆಯ ಭಾಗದಲ್ಲಿ ಕೊಂಬುವಾದ್ಯಗಳು ಅದೇ ಲಯವನ್ನು ಮೊಳಗಿಸುತ್ತವೆ. ಅಲ್ಲಿಯವರೆಗೆ ಮೌನವಾಗಿದ್ದ ಟ್ರೊಂಬೋನ್‌ಗಳು ಕೊನೆಯ ಭಾಗದಲ್ಲಿ ಒಮ್ಮೆಗೇ ದನಿಗೂಡಿಸುತ್ತವೆ. ಹೀಗೆ ನೆನಪಿಗೆ ಆಸರೆಯೂ ಉಂಟು, ಕುತೂಹಲಕ್ಕೆ ಎಡೆಯೂ ಉಂಟು.

ಮುಂದೆ ಬರುವುದು ತಿಳಿದಿದ್ದರೆ ರಸ ಕೆಡದೆ? ಕೆಡದು. 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಸಂಶೋಧಕರು, ತಮಗೆ ಪ್ರಿಯವಾದ ಸಂಗೀತವನ್ನು ಕೇಳುತ್ತಿದ್ದವರ ಮಿದುಳನ್ನು ಪರೀಕ್ಷಿಸಿದರು. ಆನಂದದ ಶಿಖರದಲ್ಲಿ ಮಾತ್ರವಲ್ಲ, ಅದಕ್ಕೆ ಮುಂಚಿನ ನಿರೀಕ್ಷೆಯ ಕ್ಷಣಗಳಲ್ಲಿಯೂ ಮಿದುಳಿನ ಮತ್ತೊಂದು ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸ್ರವಿಸುವುದು ಕಂಡುಬಂದಿತು. ಬಲ್ಲವನಿಗೇ ನಿರೀಕ್ಷೆಯ ಸುಖ.

ಇಲ್ಲಿ ಒಂದು ಅನ್ಯಾಯವೂ ಅಡಗಿದೆ. ಪ್ರಸಿದ್ಧವಾದ ಕೃತಿಯನ್ನೇ ವಾದ್ಯವೃಂದಗಳು ಮತ್ತೆ ಮತ್ತೆ ನುಡಿಸುತ್ತವೆ. ನುಡಿಸಿದಷ್ಟೂ ಅದು ಇನ್ನಷ್ಟು ಪ್ರಸಿದ್ಧವಾಗುತ್ತದೆ. ಎರಡನೆಯ ಸಲ ಕೇಳುವವರೇ ದೊರೆಯದ ಕೃತಿಯಲ್ಲಿ ಗುಣವಿದ್ದರೂ ಅದು ಮರೆಯಾಗಬಹುದು. ಆದುದರಿಂದ, ಮೊದಲ ಸಲ ಕೇಳಿದಾಗ ರುಚಿಸದ ಸಂಗೀತದ ಮೇಲೆ ಅಂದೇ ತೀರ್ಪು ಕೊಡದಿರುವುದು ಜಾಣತನ.