ಹಳೆಯ ಮಾದರಿಯ ವಿದ್ಯುತ್ ಗಿಟಾರು: ಅಲ್ಪ ಬೆಲೆಗೆ ಯಾವುದನ್ನು ತರಿಸಬೇಕು?

ಔರಾದ ತಾಲೂಕಿನ ಚಿಂತಾಕಿಯಂತಹ ಹೋಬಳಿ ಕೇಂದ್ರದಲ್ಲಿ ವಿದ್ಯುತ್ ಗಿಟಾರಿನ ವ್ಯಾಪಾರವೇ ಎಂದು ಓದುಗ ಬಾಂಧವರು ಹುಬ್ಬೇರಿಸಬಹುದು. ಹಾರ್ಮೋನಿಯಂ, ತಬಲಾ, ಭಜನಾ ಮಂಡಳಿಗಳ ತಾಳ ಮತ್ತು ದಮಡಿಗಳನ್ನು ಮಾರಿಕೊಂಡು ಬಂದಿರುವ ಈ ಲೇಖಕನಿಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಬೀದರ, ಭಾಲ್ಕಿ, ಔರಾದ ಭಾಗದ ಮೆಥೋಡಿಸ್ಟ್ ಸಭೆಗಳ ಗಾಯನ ವೃಂದಗಳಲ್ಲಿಯೂ, ಮದುವೆಯ ಆರ್ಕೆಸ್ಟ್ರಾಗಳಲ್ಲಿಯೂ ಗಿಟಾರು ಬಹುಕಾಲದಿಂದ ನೆಲೆಯೂರಿದೆ. ಅವರೆಲ್ಲರೂ ಖರೀದಿಗೆ ಹೈದರಾಬಾದಿಗೆ ಹೋಗುತ್ತಾರೆ. ಆ ವ್ಯಾಪಾರದ ಒಂದು ಪಾಲು ನಮ್ಮಲ್ಲಿಯೇ ಉಳಿಯಲೆಂಬ ಆಸೆಯಿಂದ ಕೈಹಾಕಿ, ಕೈಸುಟ್ಟುಕೊಂಡು, ಮತ್ತೆ ಕಲಿತ ಸಂಗತಿಗಳನ್ನು ಇಲ್ಲಿ ನಿವೇದಿಸಲಾಗಿದೆ.

ಆರ್ಕೆಸ್ಟ್ರಾದಲ್ಲಿ ನುಡಿಸುವ ತರುಣನೊಬ್ಬನು ಅಂಗಡಿಗೆ ಬಂದು, "ಸಾಹುಕಾರ್ರೇ, ಹಳೇ ಮಾಡೆಲ್ದೇ ಬೇಕ್ರೀ. ನೋಡಾಕ ಹಂಗೇ ಇರಬೇಕು, ಸದ್ದೂ ಹಂಗೇ ಬರಬೇಕು. ಆದ್ರ ಮೂವತ್ತು ಸಾವಿರದ ಮ್ಯಾಲ ನನ್ನ ಕೈಲಿ ಆಗೂದಿಲ್ರೀ" ಎಂದನು. ನಾನು ಮಹಾನಗರದ ಸಗಟು ವರ್ತಕರೊಬ್ಬರಿಂದ, ಅಮೆರಿಕದ ಪ್ರಸಿದ್ಧ ಹೆಸರು ಬರೆದಿದ್ದ ಎರಡು ಗಿಟಾರುಗಳನ್ನು ನಂಬಲಸಾಧ್ಯವಾದ ಅಗ್ಗದ ದರಕ್ಕೆ ತರಿಸಿದೆ. ತರುಣನು ತಲೆಯ ಭಾಗದ ಅಕ್ಷರಗಳನ್ನು ಬೆರಳಿನಿಂದ ಉಜ್ಜಿ ನೋಡಿ, ಮಾತಾಡದೆ ಹೊರಟುಹೋದನು. ಎರಡೂ ನಕಲಿ. ಬಂಡವಾಳ ಮುಳುಗಿತು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ನಾಲ್ಕು ತಿಂಗಳು ಯಾವ ವಾದಕನೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಹಳೆಯ ಮಾದರಿಯೆಂದರೆ ಯಾವುದು?

ಗ್ರಾಹಕನು "ಹಳೇ ಮಾಡೆಲ್" ಎನ್ನುವಾಗ ಅವನ ಮನಸ್ಸಿನಲ್ಲಿರುವುದು ಬಹುಪಾಲು 1950ರ ದಶಕದ ಎರಡು ಮೂರು ವಿನ್ಯಾಸಗಳೇ. ಕ್ಯಾಲಿಫೋರ್ನಿಯದಲ್ಲಿ ರೇಡಿಯೋ ರಿಪೇರಿ ಅಂಗಡಿ ನಡೆಸುತ್ತಿದ್ದ ಲಿಯೋ ಫೆಂಡರ್ ಎಂಬವರು 1950ರಲ್ಲಿ ಬ್ರಾಡ್‌ಕಾಸ್ಟರ್ ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದರು. ಗ್ರೆಚ್ ಸಂಸ್ಥೆಯು ತನ್ನ ಡ್ರಮ್ಮುಗಳಿಗೆ ಅದೇ ಉಚ್ಚಾರದ ಹೆಸರಿದೆಯೆಂದು ಆಕ್ಷೇಪಿಸಿದಾಗ, ಫೆಂಡರ್ ಕಾರ್ಖಾನೆಯಲ್ಲಿ ಚೀಟಿಗಳಿಂದ ಆ ಹೆಸರನ್ನು ಕತ್ತರಿಸಿ ಹಾಕಿ ಸರಕು ಕಳುಹಿಸಿದರು. 1951ರಲ್ಲಿ ಅದು ಟೆಲಿಕಾಸ್ಟರ್ ಆಯಿತು. ಹೆಸರಿಲ್ಲದ ಆ ಕೆಲವು ತಿಂಗಳ ಗಿಟಾರುಗಳಿಗೆ ಇಂದು ಸಂಗ್ರಾಹಕರಲ್ಲಿ ಅಪಾರ ಬೆಲೆಯಿದೆ! 1952ರಲ್ಲಿ ಗಿಬ್ಸನ್ ಸಂಸ್ಥೆಯ ಲೆಸ್ ಪಾಲ್, 1954ರಲ್ಲಿ ಫೆಂಡರಿನ ಸ್ಟ್ರಾಟೊಕಾಸ್ಟರ್ ಬಂದವು. ಸ್ಟ್ರಾಟೊಕಾಸ್ಟರಿನ ಅಂದಿನ ಬೆಲೆ 249 ಡಾಲರ್ 50 ಸೆಂಟು. ಅದೇ ವಿನ್ಯಾಸವನ್ನು ಅಮೆರಿಕದಲ್ಲಿಯೇ ಹಳೆಯ ಕ್ರಮದಲ್ಲಿ ಮಾಡಿದ ಗಿಟಾರಿಗೆ ಇಂದು ನಮ್ಮ ದೇಶದಲ್ಲಿ ಎರಡು ಲಕ್ಷ ರೂಪಾಯಿಗೂ ಮಿಕ್ಕಿ ತೆರಬೇಕಾಗುತ್ತದೆ.

ಪರ್ಯಾಯವನ್ನು ಸ್ವತಃ ಮೂಲ ಸಂಸ್ಥೆಯೇ ಒದಗಿಸಿದೆಯೆಂಬುದು ವ್ಯಾಪಾರಿಗಳು ಗಮನಿಸಬೇಕಾದ ವಿಷಯ. 1970ರ ದಶಕದಲ್ಲಿ ಜಪಾನಿನ ತಯಾರಕರು ಹಳೆಯ ಫೆಂಡರುಗಳ ಉತ್ತಮ ಪ್ರತಿಗಳನ್ನು ಅಗ್ಗವಾಗಿ ಮಾರತೊಡಗಿದರು. ಫೆಂಡರ್ ಸಂಸ್ಥೆಯು ಅವರೊಡನೆ ಕೇವಲ ಕಾದಾಡುತ್ತ ಕೂರದೆ, 1982ರಲ್ಲಿ ಜಪಾನಿನಲ್ಲಿಯೇ ಪಾಲುದಾರರನ್ನು ಹಿಡಿದು ತಯಾರಿಕೆ ಆರಂಭಿಸಿತು. ತಾನು 1965ರಲ್ಲಿ ಕೊಂಡಿದ್ದ ತಂತಿ ತಯಾರಿಸುವ ಹಳೆಯ ಕಂಪನಿಯ ಹೆಸರಾದ ಸ್ಕ್ವಾಯರ್ ಅನ್ನು ಅಗ್ಗದ ಗಿಟಾರುಗಳಿಗಿಟ್ಟಿತು. 1957ರಲ್ಲಿ ಗಿಬ್ಸನ್ನಿನ ಒಡೆತನದ ಸಂಸ್ಥೆಗೆ ಸೇರಿದ ಎಪಿಫೋನ್ ಹೆಸರಿನ ಕಥೆಯೂ ಬಹುಮಟ್ಟಿಗೆ ಇಂಥದೇ. ಆದ್ದರಿಂದ ಹಳೆಯ ರೂಪವನ್ನು ಕಾನೂನುಬದ್ಧವಾಗಿ, ಕಡಿಮೆ ದರಕ್ಕೆ ಮಾರಬಯಸುವವರು ಮೊದಲು ಈ ಎರಡು ಹೆಸರುಗಳನ್ನು ನೋಡತಕ್ಕದ್ದು. ಸ್ಕ್ವಾಯರಿನಲ್ಲಿ ಕ್ಲಾಸಿಕ್ ವೈಬ್ ಎಂಬ ಶ್ರೇಣಿ ಹಳೆಯದಕ್ಕೆ ಅತಿ ಸಮೀಪವಾದುದು. ಅದರ ಬೆಲೆ ಅರ್ಧ ಲಕ್ಷದ ಆಸುಪಾಸು. ಅಫಿನಿಟಿ ಶ್ರೇಣಿಯದು ಅದಕ್ಕಿಂತ ಬಹಳಷ್ಟು ಕಡಿಮೆ.

ಮರ, ಲೋಹ, ವಿದ್ಯುತ್ತು

ಬೆಲೆಯ ವ್ಯತ್ಯಾಸ ಎಲ್ಲಿಂದ ಬರುತ್ತದೆಂದು ತಿಳಿಯದೆ ಸರಕು ಕೊಳ್ಳಬಾರದು. ಮೊದಲು ಮರ. ತಂತಿಗಳ ಕೆಳಗೆ ಬೆರಳೊತ್ತುವ ಪಟ್ಟಿಗೆ ಫೆಂಡರ್ 1950ರ ದಶಕದ ಕೊನೆಯಿಂದ ಬ್ರೆಜಿಲಿನ ರೋಸ್‌ವುಡ್ ಬಳಸಿತು. 1960ರ ದಶಕ ಕಳೆಯುವುದರೊಳಗೆ ಅದರ ಸ್ಥಾನಕ್ಕೆ ನಮ್ಮ ಬೀಟೆ ಮರ ಬಂದಿತು. ಕರ್ನಾಟಕ, ಕೇರಳಗಳ ಪಶ್ಚಿಮ ಘಟ್ಟದ ಬೀಟೆಯು ಜಗತ್ತಿನ ಗಿಟಾರುಗಳ ಮೇಲೆ ಕುಳಿತಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದಡಿ 2017ರ ಜನವರಿ 2ರಿಂದ ಬೀಟೆಯ ಕುಲದ ಎಲ್ಲ ಮರಗಳೂ ನಿಯಂತ್ರಣಕ್ಕೆ ಒಳಪಟ್ಟವು. ಗಿಟಾರು ತಯಾರಕರು ಕಾಗದಪತ್ರಗಳ ಕಿರುಕುಳಕ್ಕೆ ಬೇಸತ್ತು ಬೇರೆ ಮರ ಹುಡುಕಿದರು. ಸಿದ್ಧ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ದೊರೆತರೂ ಅಗ್ಗದ ಶ್ರೇಣಿಗಳು ಹಿಂದಿರುಗಲಿಲ್ಲ. ಅವುಗಳ ವಿವರ ಪಟ್ಟಿಯಲ್ಲಿ ಇಂಡಿಯನ್ ಲಾರೆಲ್ ಎಂದು ಅಚ್ಚಾಗಿರುವ ಮರ ಬೇರೆ ಯಾವುದೂ ಅಲ್ಲ, ನಮ್ಮ ಮತ್ತಿ ಮರ. ಮನೆಯ ತೊಲೆಗೆ ಬಳಸುವ ಈ ಮರ ಗಟ್ಟಿಯಾದುದೇ. ಬಣ್ಣ ತುಸು ಮಾಸಲು. ಬೀಟೆಯಲ್ಲವೆಂದು ಗ್ರಾಹಕನು ಮುಖ ಸಿಂಡರಿಸಿದರೆ ಈ ಸಂಗತಿಯನ್ನು ತಿಳಿಸಬಹುದು.

ಇನ್ನು ಲೋಹ. ಇದನ್ನು ಬೀದರದವರಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವ ಬಿದರಿ ಕೆಲಸವನ್ನು ಕಂಡವರಿಗೆ ಸತುವು ಎಷ್ಟು ಸುಲಭವಾಗಿ ಅಚ್ಚಿಗೆ ಇಳಿಯುತ್ತದೆ, ಎಷ್ಟು ಬೇಗ ಸವೆಯುತ್ತದೆ ಎಂಬ ಅರಿವಿದೆ. ಹಳೆಯ ಸ್ಟ್ರಾಟೊಕಾಸ್ಟರಿನ ತಂತಿಗಳನ್ನು ಹಿಡಿದಿಡುವ ಗಟ್ಟಿ ತುಂಡು ಉಕ್ಕಿನದು. ಅಗ್ಗದವುಗಳಲ್ಲಿ ಅದು ಸತುವಿನ ಮಿಶ್ರಲೋಹದ ತೆಳುವಾದ ಎರಕ. ತಿರುಪಿನ ಮರೆ ಸವೆದರೆ ಶ್ರುತಿ ನಿಲ್ಲದು. ಉಕ್ಕಿನ ತುಂಡನ್ನು ಪ್ರತ್ಯೇಕವಾಗಿ ತಂದು ಹಾಕಲು ಸಾಧ್ಯ; ಅಳತೆ ಮಾತ್ರ ತಪ್ಪಬಾರದು.

ಎಲ್ಲಕ್ಕಿಂತ ಮುಖ್ಯವಾದುದು, ಯಾವ ಜಾಹೀರಾತೂ ಹೇಳದ ವಿಷಯ: ಗುಂಯ್‌ಗುಡುವಿಕೆ. ಹಳೆಯ ಮಾದರಿಯಲ್ಲಿ ತಂತಿಯ ಕಂಪನವನ್ನು ಗ್ರಹಿಸುವ ಪಿಕಪ್ಪಿಗೆ ಒಂದೇ ಸುರುಳಿಯಿರುತ್ತದೆ. ಅದು ಸುತ್ತಲಿನ ವಿದ್ಯುತ್ ತಂತಿಗಳ ಸದ್ದನ್ನೂ ಎಳೆದುಕೊಳ್ಳುತ್ತದೆ. ಇದನ್ನು ನಿವಾರಿಸಲೆಂದೇ ಗಿಬ್ಸನ್ನಿನ ಸೇತ್ ಲವರ್ ಎಂಬವರು 1955ರಲ್ಲಿ ಎರಡು ಸುರುಳಿಗಳ ಹಂಬಕರ್ ರೂಪಿಸಿದರು. ನಗರದ ಸ್ಟುಡಿಯೋದಲ್ಲಿ ಒಂಟಿ ಸುರುಳಿಯ ದೋಷ ಸಹ್ಯವಾಗಬಹುದು. ಜನರೇಟರ್ ಮೇಲೆ ನಡೆಯುವ, ಅರ್ಥಿಂಗ್ ಇಲ್ಲದ, ಮೇಲೆಲ್ಲ ಬಣ್ಣದ ದೀಪಸರ ಇಳಿಬಿಟ್ಟ ನಮ್ಮ ಮದುವೆ ಶಾಮಿಯಾನದಲ್ಲಿ ಅದು ಹಾಡನ್ನೇ ನುಂಗುತ್ತದೆ. ಆ ಕಾರಣದಿಂದ, ನೋಟದಲ್ಲಿ ಹಳೆಯದನ್ನು ಹೋಲುತ್ತಲೇ ಒಂದು ಹಂಬಕರ್, ಎರಡು ಒಂಟಿ ಸುರುಳಿಗಳಿರುವ ಗಿಟಾರು ನಮ್ಮ ಭಾಗಕ್ಕೆ ಹೆಚ್ಚು ಯೋಗ್ಯವೆಂಬುದು ಈ ಲೇಖಕನ ಅಭಿಪ್ರಾಯ. ಯಮಾಹಾದ ಪೆಸಿಫಿಕಾ 012 ಅಂತಹುದು. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ದೊರೆಯುತ್ತದೆ. ಅಚ್ಚುಕಟ್ಟಾದ ಹಳೆಯ ರೂಪವೇ ಬೇಕೆನ್ನುವ ಭಕ್ತರು ಇದನ್ನು ಒಪ್ಪಲಿಕ್ಕಿಲ್ಲ. ಅವರು ಬಿಸಿಲಿನಲ್ಲಿ ಶಾಮಿಯಾನದಡಿ ನುಡಿಸುವವರಲ್ಲ.

ತೆರಿಗೆ ಮತ್ತು ಹೆಸರಿನ ಎಚ್ಚರ

ಕೈಯಿಂದ ತಯಾರಾದ ದೇಶೀಯ ವಾದ್ಯಗಳಿಗೆ ಜಿ.ಎಸ್.ಟಿ. ಇಲ್ಲದಿರುವುದರಿಂದ ನಮ್ಮಂತಹವರು ತೆರಿಗೆಯ ಲೆಕ್ಕವನ್ನು ಮರೆತಿರುತ್ತೇವೆ. ವಿದ್ಯುತ್ ಗಿಟಾರಿಗೆ ಆ ಸೌಲಭ್ಯ ಸಲ್ಲದು. 2017ರ ಜುಲೈನಲ್ಲಿ ಇಂತಹ ವಾದ್ಯಗಳಿಗೆ ಶೇ. 28 ತೆರಿಗೆಯಿದ್ದು, ಅದೇ ನವೆಂಬರಿನಲ್ಲಿ ಶೇ. 18ಕ್ಕೆ ಇಳಿಯಿತು. ಕಾಂಪೊಸಿಷನ್ ಪದ್ಧತಿಯಲ್ಲಿರುವ ವ್ಯಾಪಾರಿಗೆ ಖರೀದಿಯ ಮೇಲಿನ ತೆರಿಗೆ ವಾಪಸು ಸಿಗದು. ಅದು ನೇರವಾಗಿ ಅಸಲಿಗೆ ಸೇರುತ್ತದೆ. ಮಾರಾಟ ದರ ನಿಗದಿಪಡಿಸುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳುವುದು ಲೇಸು.

ನಕಲಿ ಹೆಸರಿನ ಸರಕು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೆಯ ಕಲಮಿನಂತೆ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಕಾರಾಗೃಹವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. "ನನಗೆ ತಿಳಿದಿರಲಿಲ್ಲ" ಎಂದರೆ ಸಾಲದು. ಸೂಕ್ತ ಎಚ್ಚರ ವಹಿಸಿದ್ದನ್ನೂ, ಕೇಳಿದಾಗ ಸರಕು ಕೊಟ್ಟವರ ವಿವರ ನೀಡಿದ್ದನ್ನೂ ಸಾಬೀತುಪಡಿಸಬೇಕು. ಆದಕಾರಣ ಬಿಲ್ಲಿಲ್ಲದ ಗಿಟಾರನ್ನು ಎಷ್ಟೇ ಅಗ್ಗವಾದರೂ ಮುಟ್ಟಬಾರದು. ನನ್ನಲ್ಲಿದ್ದ ಎರಡನ್ನೂ ಬಿಚ್ಚಿ, ಹೆಸರಿನ ಚೀಟಿಗಳನ್ನು ಕೆರೆದು, ರಿಪೇರಿ ಕಲಿಯಲು ಉಪಯೋಗಿಸಿಕೊಂಡೆನು.

ಆ ತರುಣನು ಐದನೆಯ ತಿಂಗಳು ಹಿಂದಿರುಗಿದನು. ಈ ಬಾರಿ ಬಿಲ್ಲು, ವಾರಂಟಿ ಪತ್ರ ಎರಡನ್ನೂ ಮೊದಲು ಅವನ ಕೈಗಿತ್ತು, ಅನಂತರ ಪೆಟ್ಟಿಗೆ ತೆರೆದೆನು. ಹಂಬಕರ್ ಇರುವ ಗಿಟಾರನ್ನೇ ಆರಿಸಿಕೊಂಡನು. ಬೇಸಿಗೆಯ ಒಣ ಹವೆಗೆ ಮರ ಕುಗ್ಗಿ, ಪಟ್ಟಿಯ ಅಂಚಿನಲ್ಲಿ ಫ್ರೆಟ್‌ಗಳ ತುದಿ ಹೊರಚಾಚಿ ಬೆರಳಿಗೆ ಚುಚ್ಚುತ್ತಿದ್ದವು. ನೆರೆಯ ಅಕ್ಕಸಾಲಿಗರು ತಮ್ಮ ಸಣ್ಣ ಅರದಿಂದ ಅರ್ಧ ಗಂಟೆಯಲ್ಲಿ ಅವನ್ನು ನುಣುಪುಗೊಳಿಸಿದರು. ಉಳಿದ ಹಣದಲ್ಲಿ ಅವನು ಆರು ಜೊತೆ ತಂತಿ, ಒಂದು ಒಳ್ಳೆಯ ಕೇಬಲ್ಲು ಕೊಂಡನು. ಈಗ ತಂತಿಗಾಗಿ ಭಾಲ್ಕಿಯಿಂದಲೂ ಇಬ್ಬರು ಬರುತ್ತಿದ್ದಾರೆ.