ಕಡಲು, ಬೆಟ್ಟ, ಕಾಡು: ಒಂದೇ ದಿನದ ಪಯಣ

"ಸರ್, ಕಡಲು, ಬೆಟ್ಟ, ಕಾಡು ಮೂರನ್ನೂ ಒಂದೇ ಪ್ರವಾಸದಲ್ಲಿ ನೋಡಬೇಕಾದರೆ ಕಾರವಾರಕ್ಕೇ ಹೋಗಬೇಕಲ್ಲವೇ?" ಎಂದು ಕಲಬುರಗಿಯ ನನ್ನ ವಿದ್ಯಾರ್ಥಿಯೊಬ್ಬನು ಕೇಳಿದನು. "ಬೇಡಪ್ಪ, ಚಿಂಚೋಳಿಗೆ ಹೋದರೆ ಸಾಕು" ಎಂದೆನು. ತರಗತಿಯೆಲ್ಲ ನಕ್ಕಿತು. ಆ ನಗೆಗೆ ಉತ್ತರ ಹುಡುಕಲೆಂದೇ ಒಂದು ಭಾನುವಾರ ನಾವು ಹೊರಟೆವು.

ಕಡಲು ಕಾಲೇಜಿನ ಮೆಟ್ಟಿಲಿನಲ್ಲಿಯೇ ಇತ್ತು! ಆ ಮೆಟ್ಟಿಲು ಶಹಾಬಾದಿನ ಪರಸಿಕಲ್ಲಿನದು. 50 ಕೋಟಿ ವರ್ಷಗಳಿಗೂ ಹಿಂದೆ ಈ ಸೀಮೆಯನ್ನು ಆವರಿಸಿದ್ದ ಕಡಲಿನ ತಳದಲ್ಲಿ ಸುಣ್ಣದ ಕೆಸರು ಪದರುಪದರಾಗಿ ತಂಗಿ ಈ ಶಿಲೆಯಾಯಿತು. ಗಣಿಯಲ್ಲಿ ಅದು ಹಾಳೆಹಾಳೆಯಾಗಿ ಏಳುವುದು ಆ ಕಾರಣದಿಂದಲೇ.

ನಗರವನ್ನು ಬಿಟ್ಟೊಡನೆ ತೊಗರಿ, ಜೋಳ ಬೆಳೆಯುವ ಎರೆಹೊಲಗಳು ಎದುರಾದವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸವು ಹಳೆಯ ಕಡಲತಳದ ಮೇಲೆ ಹರಡಿ ಕಪ್ಪು ಶಿಲೆಯಾಯಿತು. ಆ ಶಿಲೆ ಶಿಥಿಲವಾಗಿ ಆದುದೇ ಈ ಎರೆಮಣ್ಣು.

ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನು ದಾಟಿ ಹುಮನಾಬಾದಿನ ಕಡೆಗೆ ಏರಿದಂತೆ ನೆಲವೂ ಕೆಂಪಾಯಿತು. ಮಳೆಯ ನೀರು ದೀರ್ಘಕಾಲ ಕಪ್ಪು ಶಿಲೆಯನ್ನು ತೊಳೆದು ಇತರ ಅಂಶಗಳನ್ನು ಒಯ್ದಾಗ ಉಳಿದುದು ಮುಖ್ಯವಾಗಿ ಕಬ್ಬಿಣ ಮತ್ತು ಅಲ್ಯುಮಿನಿಯಮಿನ ಆಕ್ಸೈಡುಗಳು, ಇದೇ ಜಂಬಿಟ್ಟಿಗೆ. ನಮ್ಮ ಪಾಲಿನ ಬೆಟ್ಟವೂ ಇದೇ. ನಗರಕ್ಕಿಂತ ಸುಮಾರು 150 ಮೀಟರು ಎತ್ತರವಾದ ಇಲ್ಲಿ ಉಷ್ಣತೆಯು ಸುಮಾರು 1 ಡಿಗ್ರಿ ಸೆಂಟಿಗ್ರೇಡಿನಷ್ಟು ಕಡಮೆಯಿರಬೇಕೆಂದು ಲೆಕ್ಕ ಹೇಳುತ್ತದೆ.

ಆದರೆ ಚಿಂಚೋಳಿಯ ಕಾಡಿನ ನೆರಳಿಗೆ ಬಂದಾಗ ಮೈಗೆ ತಗುಲಿದ ತಂಪು ಅದಕ್ಕಿಂತ ಬಹಳ ಹೆಚ್ಚಿನದು. ಇದು ಹೇಗೆ? ಎಲೆಗಳು ಬಿಸಿಲನ್ನು ತಡೆಯುತ್ತವೆ. ಜೊತೆಗೆ ನೀರನ್ನು ಆವಿಯಾಗಿ ಬಿಡುತ್ತವೆ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಶಾಖ ಬೇಕು. ಅಷ್ಟು ಶಾಖದಿಂದ 10 ಕಿಲೋಗ್ರಾಂ ನೀರನ್ನು 30 ಡಿಗ್ರಿಯಿಂದ 88 ಡಿಗ್ರಿಗೆ ಕಾಯಿಸಬಹುದು! ಮೇ ತಿಂಗಳಿನಲ್ಲಿ 40 ಡಿಗ್ರಿಯನ್ನು ಮೀರುವ ನಮ್ಮ ಸೀಮೆಗೆ ಇದು ಸಾಮಾನ್ಯ ಉಪಕಾರವಲ್ಲ.

ಕಾಡು ನೀರನ್ನೂ ಕಾಯುತ್ತದೆ. ಉದುರಿದ ತರಗೆಲೆ ಮಳೆನೀರಿನ ಓಟವನ್ನು ತಡೆಯುತ್ತದೆ. ತಡೆದ ನೀರು ರಂಧ್ರಮಯವಾದ ಜಂಬಿಟ್ಟಿಗೆಯೊಳಕ್ಕೆ ಇಳಿಯುತ್ತದೆ. ತರಗೆಲೆಯಿಲ್ಲದ ಬೋಳುನೆಲದಲ್ಲಿ ಅದೇ ಮಳೆ ಮಣ್ಣನ್ನೂ ಕೊಚ್ಚಿಕೊಂಡು ಓಡುತ್ತದೆ.

ಸುಮಾರು 135 ಚದರ ಕಿಲೋಮೀಟರಿನ ಈ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ತೋಳ, ಕತ್ತೆಕಿರುಬ, ಕೃಷ್ಣಮೃಗಗಳಿಗೆ ಇದು ಆಶ್ರಯ. ಇದು ರಾಷ್ಟ್ರೀಯ ಉದ್ಯಾನವಲ್ಲ. ಕಾಡಿನೊಳಗೆ ತಾಂಡಾಗಳೂ ಇವೆ. ಆದುದರಿಂದ ಕಾಡನ್ನು ಉಳಿಸುವ ಯಾವ ಯೋಚನೆಯಲ್ಲಿಯೂ ಅಲ್ಲಿಯ ಜನರ ಬಾಳಿನ ಲೆಕ್ಕವೂ ಸೇರಿರಬೇಕು.

ಸಂಜೆ ಚಂದ್ರಂಪಳ್ಳಿ ಜಲಾಶಯದ ದಂಡೆಯ ಮೇಲೆ ಕುಳಿತಿದ್ದಾಗ ಮೊದಲು ಪ್ರಶ್ನಿಸಿದ್ದ ಹುಡುಗನೇ ಕೇಳಿದನು: "ಸರ್, ಈ ಮೂರರಲ್ಲಿ ಬೇಗ ಅಳಿಯುವುದು ಯಾವುದು?"

ಕಡಲು ಹೋಗಿ ಕೋಟಿಗಟ್ಟಲೆ ವರ್ಷಗಳಾದರೂ ಅದರ ಕಲ್ಲು ಉಳಿದಿದೆ. ಬೆಟ್ಟವು ಕಣಕಣವಾಗಿ ಸವೆಯುತ್ತದೆ. ಕಾಡು ಮಾತ್ರ ಒಂದು ತಲೆಮಾರಿನಲ್ಲಿಯೇ ಇಲ್ಲವಾಗಬಹುದು. ಆ ತಲೆಮಾರು ನಿಮ್ಮದಾಗದಿರಲಿ.