ಹಳೆಯ ಮನೆಯೂ ಊರಿನ ನೆನಪೂ

ಸತ್ಯವೇದದಲ್ಲಿ ಒಂದು ವೃತ್ತಾಂತವುಂಟು. ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದಾಗ ಯೆಹೋಶುವನು ಹೊಳೆಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ತರಿಸಿ ಗಿಲ್ಗಾಲಿನಲ್ಲಿ ನಿಲ್ಲಿಸಿದನು. ಮುಂದೆ ಹುಟ್ಟುವ ಮಕ್ಕಳು ಈ ಕಲ್ಲುಗಳೇತಕ್ಕೆಂದು ಕೇಳಿದರೆ ಹಿರಿಯರು ನಡೆದುದನ್ನು ವಿವರಿಸತಕ್ಕದ್ದೆಂದು ವಿಧಿಸಿದನು. ಹಳೆಯ ಕಟ್ಟಡಗಳನ್ನೂ ಊರಿನ ಚರಿತ್ರೆಯನ್ನೂ ಕಾಪಾಡುವ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪಾಠವನ್ನು ನಾವು ಕಾಣೆವು. ಕಲ್ಲೂ ಉಳಿಯಬೇಕು, ಉತ್ತರ ಹೇಳುವವರೂ ಇರಬೇಕು. ಇದನ್ನು ಒಂದು ಮನೆಯ ಉದಾಹರಣೆಯಿಂದ ತಿಳಿಸಲು ಯತ್ನಿಸುತ್ತೇವೆ.

ಕೇರಳದ ಕಣ್ಣೂರು ಜಿಲ್ಲೆಯ ಸಮುದ್ರತೀರದಲ್ಲಿ ತಲಶ್ಶೇರಿಯೆಂಬ ಪಟ್ಟಣವುಂಟು. ಅಲ್ಲಿನ ಇಲ್ಲಿಕ್ಕುನ್ನು ಎಂಬ ಗುಡ್ಡದ ಮೇಲಿರುವ ಬಂಗ್ಲೆಯು ಗುಂಡರ್ಟ್ ಬಂಗ್ಲೆಯೆಂದು ಪ್ರಸಿದ್ಧವಾಗಿದೆ. ಹೆರ್ಮನ್ ಗುಂಡರ್ಟ್ ಪಂಡಿತರು 1814ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿ, 1836ರಲ್ಲಿ ಭಾರತಕ್ಕೆ ಬಂದರು. 1838ರಲ್ಲಿ ಜೂಲಿ ಎಂಬವರನ್ನು ವಿವಾಹವಾಗಿ, ಅದೇ ವರ್ಷ ಮಂಗಳೂರನ್ನು ಸೇರಿ ಬಾಸೆಲ್ ಮಿಶನ್ನಿನ ಕೆಲಸಕ್ಕೆ ತೊಡಗಿದರು. ಸ್ಟ್ರೇಂಜ್ ಎಂಬ ನ್ಯಾಯಾಧೀಶರು ಇಲ್ಲಿಕ್ಕುನ್ನಿನ ಬಂಗ್ಲೆಯನ್ನು ಮಿಶನ್ನಿಗೆ ಕೊಟ್ಟುದರಿಂದ ಈ ದಂಪತಿಗಳು 1839ರಲ್ಲಿ ಅಲ್ಲಿಗೆ ಹೋಗಿ ನೆಲಸಿದರು.

ಆ ಮನೆಯಲ್ಲಿ ನಡೆದ ಕಾರ್ಯಗಳು ಅಲ್ಪವಲ್ಲ. ಮಲೆಯಾಳದ ಮೊದಲನೆಯ ವೃತ್ತಪತ್ರಿಕೆಯೆನಿಸಿದ ‘ರಾಜ್ಯಸಮಾಚಾರಂ’ 1847ರ ಜೂನಿನಲ್ಲಿ ಅಲ್ಲಿಂದ ಹೊರಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಪಶ್ಚಿಮೋದಯಂ’ ಹೊರಟಿತು. ಎರಡೂ ಕಲ್ಲಚ್ಚಿನವು. ಪಂಡಿತರ ಆಪ್ತಮಿತ್ರರಾದ ಮೋಗ್ಲಿಂಗ್ ಅಯ್ಯನವರು ಇದಕ್ಕೆ ನಾಲ್ಕು ವರ್ಷ ಮೊದಲೇ, 1843ರ ಜುಲೈ 1ರಂದು, ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿಯೇ ಹೊರಡಿಸಿ ಕನ್ನಡ ಪತ್ರಿಕೆಗಳಿಗೆ ನಾಂದಿಯನ್ನು ಹಾಡಿದ್ದರೆಂಬುದನ್ನು ನಮ್ಮ ವಾಚಕರು ಬಲ್ಲರು. ಗುಂಡರ್ಟ್ ಪಂಡಿತರು 1857ರಲ್ಲಿ ಮಲಬಾರ್ ಮತ್ತು ಕನ್ನಡ ಜಿಲ್ಲೆಗಳ ಶಾಲಾ ಇನ್‌ಸ್ಪೆಕ್ಟರರಾದರು. 1859ರಲ್ಲಿ ಸ್ವದೇಶಕ್ಕೆ ಮರಳಿದ ಬಳಿಕವೂ ಪರಿಶ್ರಮವನ್ನು ಬಿಡದೆ, 1872ರಲ್ಲಿ ತಮ್ಮ ಮಲೆಯಾಳ ನಿಘಂಟನ್ನು ಮುಗಿಸಿದರು. ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ ಅವರ ಮಗಳಾದ ಮರಿಯಳೇ 1946ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಹೆರ್ಮನ್ ಹೆಸ್ಸೆಯವರ ತಾಯಿ.

ಇಂತಹ ಮನೆಯು ಉಳಿದುದು ಹೇಗೆ? ಅದು ಜನರಿಲ್ಲದೆ ಪಾಳುಬೀಳಲಿಲ್ಲವೆಂಬುದೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ಬಹುಕಾಲ ಅದು ತಾಂತ್ರಿಕ ಶಿಕ್ಷಣ ಕೊಡುವ ಒಂದು ಸಂಸ್ಥೆಯ ಆವರಣದಲ್ಲಿದ್ದಿತು. ತರುವಾಯ ಕೇರಳ ಸರಕಾರದ ಪ್ರವಾಸೋದ್ಯಮ ಇಲಾಖೆಯವರು ಅದನ್ನು ದುರಸ್ತಿಪಡಿಸಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಬೀಗ ಹಾಕಿದ ಮನೆಯಲ್ಲಿ ಒಡೆದ ಹಂಚನ್ನು ನೋಡುವವರಿಲ್ಲ. ಒಂದು ಮಳೆಗಾಲದಲ್ಲಿ ಸೋರಿದ ನೀರು ಜಂತಿಯನ್ನು ಕೊಳೆಯಿಸುತ್ತದೆ, ಮರುವರ್ಷ ಗೆದ್ದಲು ಏರುತ್ತದೆ.

ದುರಸ್ತಿಯಲ್ಲಿಯೂ ವಿವೇಕ ಬೇಕು. ನಮ್ಮ ಕರಾವಳಿಯ ಹಳೆಯ ಮನೆಗಳು ಸಾಮಾನ್ಯವಾಗಿ ಮುರಕಲ್ಲಿನವು, ಸುಣ್ಣದ ಗಾರೆಯವು. ಮುರಕಲ್ಲು ನೀರನ್ನು ಹೀರುತ್ತದೆ; ಸುಣ್ಣದ ಗಾರೆಯು ಆ ತೇವವನ್ನು ಮೆಲ್ಲಮೆಲ್ಲನೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟನ್ನು ಬಳಿದರೆ ತೇವವು ಒಳಗೇ ನಿಂತು ಕಲ್ಲು ಪುಡಿಯಾಗುವುದು. ಸದುದ್ದೇಶದಿಂದಲೇ ಗೋಡೆಗೆ ಕೇಡುಂಟಾಗುವ ಬಗೆ ಇದು. ಆದುದರಿಂದ ಮೊದಲು ಮಾಡು, ಅನಂತರ ನೀರಿನ ಚರಂಡಿ, ಅದರ ಬಳಿಕ ಗೋಡೆ, ಅಲಂಕಾರವು ಕೊನೆಗೆ.

ಇದಿಷ್ಟು ಕಲ್ಲಿನ ಮಾತಾಯಿತು. ಇನ್ನು ಉತ್ತರದ ಮಾತು. ಗುಂಡರ್ಟ್ ಪಂಡಿತರು ಕೂಡಿಸಿದ ಹಸ್ತಪ್ರತಿಗಳು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮಲಬಾರಿನ ಅರಸರಿಗೂ ಕಂಪೆನಿಯ ಅಧಿಕಾರಿಗಳಿಗೂ ನಡೆದ ಮಲೆಯಾಳದ ಪತ್ರವ್ಯವಹಾರವೂ ಅವುಗಳಲ್ಲಿ ಸೇರಿದೆ. 2018ರಿಂದ ಆ ಸಂಗ್ರಹವು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಒಂದು ಪಟ್ಟಣದ ನೆನಪು ಕಡಲಾಚೆ ಹೋಗಿ ಉಳಿದು, ಕಡಲನ್ನು ದಾಟಿ ಮರಳಿ ಬಂದಿತು. ಕಾಗದವನ್ನು ಎಸೆಯದೆ ಇಟ್ಟವರಿದ್ದುದೇ ಇದಕ್ಕೆ ಕಾರಣ.

ಆದರೆ ಒಂದು ಸಂಗತಿಯು ನಮ್ಮನ್ನು ಚುಚ್ಚುತ್ತದೆ. ಅದೇ ಇಲ್ಲಿಕ್ಕುನ್ನಿನಲ್ಲಿ ಜೂಲಿಯಮ್ಮನವರು ಹೆಣ್ಣುಮಕ್ಕಳ ವಸತಿಶಾಲೆಯನ್ನು ನಡಿಸಿದರು. ಹುಡುಗಿಯರಿಗೆ ಅಕ್ಷರವೇತಕ್ಕೆಂದು ಕೇಳುತ್ತಿದ್ದ ಕಾಲವದು. ಬಂಗ್ಲೆಗೆ ಪಂಡಿತರ ಹೆಸರಿದೆ, ನಿಘಂಟಿಗೂ ಪಂಡಿತರ ಹೆಸರಿದೆ; ಅದು ನ್ಯಾಯವೇ. ಅಲ್ಲಿ ಓದಿದ ಹುಡುಗಿಯರಲ್ಲಿ ಒಬ್ಬಳ ಹೆಸರನ್ನಾದರೂ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಗೋಡೆಯನ್ನು ಎಷ್ಟು ಚೆನ್ನಾಗಿ ಕಾಪಾಡಿದರೂ ಅದು ವಿದ್ಯಾರ್ಥಿನಿಯರ ಹೆಸರನ್ನು ಹೇಳಲಾರದು. ಅದನ್ನು ಮನುಷ್ಯರೇ ಬರೆದಿಡಬೇಕು.

ಆದಕಾರಣ ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಹೆತ್ತವರಲ್ಲಿಯೂ ನಮ್ಮದೊಂದು ಅರಿಕೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ತರಗತಿಯ ಹಳೆಯ ಚಿತ್ರವಿದ್ದರೆ ಅದನ್ನು ನಮಗೆ ತೋರಿಸಿರಿ. ಚಿತ್ರದಲ್ಲಿರುವವರ ಹೆಸರುಗಳನ್ನು, ಎಡದಿಂದ ಬಲಕ್ಕೆ, ವರ್ಷಸಹಿತ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಶಾಯಿಯು ಕಾಲಕ್ರಮದಲ್ಲಿ ಇಳಿದು ಚಿತ್ರವನ್ನು ಕೆಡಿಸುವುದು. ಅಜ್ಜಿಯವರು ಇಲ್ಲಿ ಓದಿದವರಾದರೆ, ಅವರ ಬಳಿಯಲ್ಲಿ ಒಂದು ಸಾಯಂಕಾಲ ಕುಳಿತು, ಶಾಲೆಗೆ ಯಾವ ದಾರಿಯಿಂದ ಬಂದರು, ಯಾರು ಕಲಿಸಿದರು, ಶಾಲೆ ಬಿಡುವಂತೆ ಒತ್ತಾಯವಿತ್ತೇ, ಬಿಡದಂತೆ ನೋಡಿಕೊಂಡವರು ಯಾರು ಎಂದು ಕೇಳಿ ಬರೆದುಕೊಳ್ಳಿರಿ. ಅವರ ಸ್ವರವನ್ನು ಫೋನಿನಲ್ಲಿ ಮುದ್ರಿಸಿಟ್ಟರೆ ಮತ್ತೂ ಒಳ್ಳೆಯದು. ಚಿಕ್ಕ ಸಂಗತಿಯೆಂದು ಸಂಕೋಚಪಡಬೇಡಿರಿ.

ಮಾಡಿನ ಹಂಚನ್ನು ಬರುವ ಬೇಸಿಗೆಯಲ್ಲಿಯೂ ಹೊದಿಸಬಹುದು. ಅಜ್ಜಿಯವರ ನೆನಪಿಗೆ ಅಂತಹ ವಾಯಿದೆಯಿಲ್ಲ. ನಾಳೆ ನಮ್ಮ ಮಕ್ಕಳ ಮಕ್ಕಳು ಈ ಶಾಲೆಯ ಜಗಲಿಯಲ್ಲಿ ನಿಂತು, ಈ ಕಲ್ಲುಗಳೇತಕ್ಕೆಂದು ಕೇಳುವರು. ಆಗ ಹೇಳಲು ಉತ್ತರವಿರುವಂತೆ ದೇವರು ನಮ್ಮ ಕೈಗಳನ್ನು ಇಂದೇ ಕೆಲಸಕ್ಕೆ ಹಚ್ಚಲಿ.